ಹಿಂದಿನ ಚಕ್ರದಿಂದ ಶುರುಮಾಡಿ: ದೂರದ ಪ್ರಯಾಣಕ್ಕೆ ಸೈಕಲ್ ಆರಿಸುವುದು

ಸೈಕಲ್ ಅಂಗಡಿಗೆ ಕಾಲಿಟ್ಟ ಕೂಡಲೇ ಕಣ್ಣು ಹೋಗುವುದು ಬಣ್ಣದ ಕಡೆಗೆ, ಹ್ಯಾಂಡಲ್ ಕಡೆಗೆ, ಫ್ರೇಮಿನ ಮೇಲೆ ಬರೆದ ಹೆಸರಿನ ಕಡೆಗೆ. ಆಮೇಲೆ ಕೇಳುವ ಪ್ರಶ್ನೆ: ಗೇರ್ ಎಷ್ಟು? 21 ಅಂದರೆ ಖುಷಿ, 24 ಅಂದರೆ ಇನ್ನೂ ಖುಷಿ. ದೂರ ಹೋಗಲು ಸೈಕಲ್ ಕೊಳ್ಳುವವರು ಈ ಕ್ರಮವನ್ನೇ ತಿರುಗಿಸಬೇಕು ಅನ್ನುವುದು ನಾನಿವತ್ತು ಹೇಳಬೇಕಾದ ಮಾತು. ಸೈಕಲ್ಲಿನ ಹಿಂದೆ ಹೋಗಿ, ಕುಕ್ಕರಗಾಲಿನಲ್ಲಿ ಕೂತು, ಹಿಂದಿನ ಚಕ್ರವನ್ನು ಮೊದಲು ನೋಡಿ. ಆ ಚಕ್ರ ನಿಮ್ಮ ಹೊರೆಯನ್ನು ತಾಳುತ್ತದೆ ಎಂದಾದರೆ ಉಳಿದದ್ದನ್ನು ಮಾತಾಡೋಣ. ತಾಳುವುದಿಲ್ಲ ಎಂದಾದರೆ ಆ ಸೈಕಲ್ಲನ್ನು ಅಲ್ಲೇ ಬಿಟ್ಟು ಮುಂದಿನದಕ್ಕೆ ಹೋಗಿ.

ಲೆಕ್ಕಕ್ಕೆ ಒಂದು ದಾರಿ ಇಟ್ಟುಕೊಳ್ಳೋಣ. ನಿಮ್ಮಲ್ಲಿ ಹಲವರ ಮನಸ್ಸಿನಲ್ಲಿರುವುದು ಕಾರವಾರದಿಂದ ಕನ್ಯಾಕುಮಾರಿ. ರಾಷ್ಟ್ರೀಯ ಹೆದ್ದಾರಿ 66 ಹಿಡಿದು ಸುಮಾರು 1000 ಕಿಲೋಮೀಟರ್. ಸಮುದ್ರದ ಪಕ್ಕದ ರಸ್ತೆ, ಸಪಾಟಾಗಿರುತ್ತದೆ ಅಂದುಕೊಂಡು ಹೊರಡುವವರೇ ಹೆಚ್ಚು. ಕುಮಟಾ, ಹೊನ್ನಾವರದ ಕಡೆ ಜಂಬಿಟ್ಟಿಗೆ ಗುಡ್ಡಗಳನ್ನು ಹತ್ತಿ ಇಳಿದು, ಮತ್ತೆ ಹತ್ತಿ ಇಳಿದು ಮೊದಲ ಎರಡು ದಿನದಲ್ಲೇ ಆ ಭ್ರಮೆ ಬಿಡುತ್ತದೆ. ಇನ್ನು ಕೆಲವರು ಘಟ್ಟದ ಮೇಲಿನಿಂದ ಬಂದು ಆಗುಂಬೆ ಇಳಿದು ಕರಾವಳಿ ಸೇರುತ್ತಾರೆ, ಅಥವಾ ಪ್ರಯಾಣ ಮುಗಿಸಿ ಘಾಟಿಯ ಬುಡದ ಸೋಮೇಶ್ವರದಿಂದ ಆ 14 ತಿರುವುಗಳನ್ನು ಹತ್ತಿ ಮನೆಗೆ ಮರಳುತ್ತಾರೆ. ಎರಡಕ್ಕೂ ಹೊಂದುವ ಸೈಕಲ್ ಬೇಕು.

ಈಗ ಭಾರ. ಸವಾರ 70 ಕಿಲೋ, ಸೈಕಲ್ 15 ಕಿಲೋ, ಸಾಮಾನು ನೀರು ಸೇರಿ 18 ಕಿಲೋ. ಒಟ್ಟು 103. ಸಾಮಾನೆಲ್ಲ ಹಿಂದಿನ ಕ್ಯಾರಿಯರ್ ಮೇಲಿದ್ದರೆ ಹತ್ತಿರಹತ್ತಿರ ಮೂರರಲ್ಲಿ ಎರಡು ಪಾಲು ಭಾರ ಹಿಂದಿನ ಚಕ್ರದ ಮೇಲೆ ಕೂರುತ್ತದೆ. ಅದರ ಜೊತೆಗೆ ನೀವು ತುಳಿಯುವ ಬಲವೆಲ್ಲ ಚೈನಿನ ಮೂಲಕ ಬಂದು ಸೇರುವುದೂ ಅದೇ ಚಕ್ರಕ್ಕೆ. ಚಕ್ರ ಒಂದು ಸುತ್ತು ಸುತ್ತಿದರೆ ಸುಮಾರು 2.15 ಮೀಟರ್ ದೂರ. 1000 ಕಿಲೋಮೀಟರ್ ಅಂದರೆ ನಾಲ್ಕೂವರೆ ಲಕ್ಷಕ್ಕೂ ಹೆಚ್ಚು ಸುತ್ತು. ಪ್ರತಿ ಸುತ್ತಿನಲ್ಲೂ ಪ್ರತಿ ಸ್ಪೋಕ್ ಕಡ್ಡಿ ನೆಲದ ಕಡೆಗೆ ಬಂದಾಗ ಒಂದು ಸಲ ಸಡಿಲಗೊಂಡು, ಮೇಲೆ ಹೋಗುವಾಗ ಮತ್ತೆ ಬಿಗಿಯುತ್ತದೆ.

ಕಡ್ಡಿ ಮುರಿಯುವ ಕಾರಣ ಇಲ್ಲಿಯೇ ಇದೆ. ಜನ ಅಂದುಕೊಳ್ಳುವುದು, ಭಾರ ಹೆಚ್ಚಾಯಿತು, ಎಳೆದು ತುಂಡಾಯಿತು ಅಂತ. ಹಾಗಲ್ಲ. ತಂತಿಯನ್ನು ಕೈಯಲ್ಲಿ ಹಿಡಿದು ಅತ್ತ ಇತ್ತ ಬಗ್ಗಿಸುತ್ತಾ ಹೋದರೆ ಹೇಗೆ ತುಂಡಾಗುತ್ತದೋ ಹಾಗೆ ಅದು ದಣಿದು ಮುರಿಯುವುದು. ಮುರಿಯುವ ಜಾಗವೂ ಸಾಮಾನ್ಯವಾಗಿ ಒಂದೇ: ಚಕ್ರದ ನಡುವಿನ ಗುಂಭ, ಅಂದರೆ ಹಬ್ಬಿನ ತೂತಿನಿಂದ ಹೊರಬಂದು ಕಡ್ಡಿ ಬಾಗುವ ಕೊಕ್ಕೆ. ಕಡ್ಡಿಗಳು ಮೊದಲೇ ಸಾಕಷ್ಟು ಬಿಗಿಯಾಗಿದ್ದರೆ ಭಾರ ಬಿದ್ದಾಗ ಅವು ಪೂರ್ತಿ ಸಡಿಲವಾಗುವುದಿಲ್ಲ, ಕೊಕ್ಕೆ ಅಲುಗಾಡುವುದಿಲ್ಲ, ಬಹುಕಾಲ ಬಾಳುತ್ತವೆ. ಸಡಿಲವಾಗಿ ಕಟ್ಟಿದ ಚಕ್ರದಲ್ಲಿ ಪ್ರತಿ ಸುತ್ತಿಗೂ ಕೊಕ್ಕೆ ಅಲುಗುತ್ತದೆ. ಹಾಗಾಗಿ ಹೆಚ್ಚು ಕಡ್ಡಿ ಮುರಿಯುವ ಚಕ್ರಕ್ಕೆ ಮದ್ದು ದಪ್ಪ ಕಡ್ಡಿ ಅಲ್ಲ, ಸರಿಯಾದ ಮತ್ತು ಸಮನಾದ ಬಿಗಿತ.

ಇಲ್ಲಿ ಸ್ವಲ್ಪ ಪಕ್ಕಕ್ಕೆ ಹೋಗುತ್ತೇನೆ. ಹಾಲಿನ ಕ್ಯಾನು, ಹುಲ್ಲಿನ ಹೊರೆ, ಗ್ಯಾಸ್ ಸಿಲಿಂಡರ್ ಹೊತ್ತು ನಮ್ಮೂರುಗಳಲ್ಲಿ ಓಡಾಡಿದ ಕರಿ ಸೈಕಲ್ ನೆನಪಿದೆಯಲ್ಲ? ಎಲ್ಲಾದರೂ ಸಿಕ್ಕರೆ ಅದರ ಕಡ್ಡಿ ಎಣಿಸಿ ನೋಡಿ. ಮುಂದಿನ ಚಕ್ರಕ್ಕೆ 32, ಹಿಂದಿನದಕ್ಕೆ 40. ಇಂಗ್ಲೆಂಡಿನ ಹಳೆಯ ರೋಡ್‌ಸ್ಟರ್‌ಗಳಿಂದ ಬಂದ ಅಳತೆ ಅದು. ಭಾರ ಎಲ್ಲಿ ಬೀಳುತ್ತದೆ ಅನ್ನುವುದು ಆ ಸೈಕಲ್ ಮಾಡಿದವರಿಗೆ ಗೊತ್ತಿತ್ತು, ಎಂಟು ಕಡ್ಡಿ ಹಿಂದೆ ಹೆಚ್ಚಿಗೆ ಕೊಟ್ಟರು. ಅದಕ್ಕೆ ಇನ್ನೊಂದು ಅನುಕೂಲವೂ ಇತ್ತು. ಹಿಂದೆ ಒಂದೇ ಫ್ರೀವೀಲ್, ಹೆಚ್ಚು ಜಾಗ ಬೇಡ. ಹಾಗಾಗಿ ಎಡಬಲದ ಕಡ್ಡಿಗಳ ಬಿಗಿತ ಹೆಚ್ಚುಕಡಿಮೆ ಸಮ. ಈಗಿನ ಗೇರ್ ಸೈಕಲ್ಲಿನಲ್ಲಿ ಬಲಗಡೆ ಏಳು, ಎಂಟು, ಒಂಬತ್ತು ಹಲ್ಲುಚಕ್ರಗಳು ಕೂರಬೇಕು. ಅವುಗಳಿಗೆ ಜಾಗ ಬಿಟ್ಟಾಗ ಬಲಗಡೆಯ ಕಡ್ಡಿಗಳು ನೆಟ್ಟಗೆ ನಿಲ್ಲುತ್ತವೆ, ಎಡಗಡೆಯವು ಓರೆಯಾಗುತ್ತವೆ. ರಿಮ್ಮು ನಡುವಿನಲ್ಲಿ ನಿಲ್ಲಬೇಕಾದರೆ ಬಲಗಡೆಯದನ್ನು ಬಹಳ ಬಿಗಿಯಬೇಕು. ಎಡಗಡೆಯ ಬಿಗಿತ ಅದರ ಸುಮಾರು ಶೇಕಡಾ 60 ಭಾಗ ಮಾತ್ರ. ಬಲಗಡೆಗೆ 110ರಿಂದ 120 ಕಿಲೋ ಬಿಗಿತ ಕೊಟ್ಟರೆ ಎಡಗಡೆಗೆ 65, 70 ಸಿಗುತ್ತದೆ. ಕಾರ್ಖಾನೆಯಲ್ಲಿ ಬಲಗಡೆಗೇ 80 ಕೊಟ್ಟು ಕಳಿಸಿದ್ದರೆ ಎಡಗಡೆಯ ಗತಿ ಏನು ಅಂತ ನೀವೇ ಯೋಚಿಸಿ. ಗುಂಡಿಗೆ ಬಿದ್ದಾಗಲೆಲ್ಲ ಅವು ಪೂರ್ತಿ ಸಡಿಲವಾಗುತ್ತವೆ, ಕಡ್ಡಿಯನ್ನು ರಿಮ್ಮಿಗೆ ಬಿಗಿಯುವ ನಟ್ಟು, ಅಂದರೆ ನಿಪ್ಪಲ್, ತಾನಾಗಿ ಬಿಚ್ಚಿಕೊಳ್ಳುತ್ತದೆ, ಚಕ್ರ ಬೆಂಡಾಗುತ್ತದೆ.

ಅಂಗಡಿಯಲ್ಲಿ ಮಾಡಬೇಕಾದ್ದು ಇಷ್ಟು. ಹಿಂದಿನ ಚಕ್ರದ ಕಡ್ಡಿ ಎಣಿಸಿ. 36 ಇದ್ದರೆ ಉತ್ತಮ. 32 ಇದ್ದು ನಿಮ್ಮ ತೂಕ 75 ಕಿಲೋ ಒಳಗಿದ್ದರೆ, ಸಾಮಾನು 15 ಕಿಲೋ ದಾಟದಿದ್ದರೆ, ಚೆನ್ನಾಗಿ ಬಿಗಿ ಮಾಡಿಸಿಕೊಂಡು ಹೋಗಬಹುದು. 28, 24 ಕಡ್ಡಿಯ ಚಕ್ರ ಹೊರೆಗಲ್ಲ. ಆಮೇಲೆ ಬಲಗಡೆಯ ಕಡ್ಡಿಗಳನ್ನು ಒಂದೊಂದಾಗಿ ಉಗುರಿನಿಂದ ಮೀಟಿ. ತಂಬೂರಿಯ ತಂತಿಯ ಹಾಗೆ ನಾದ ಬರುತ್ತದೆ. ಒಂದೇ ಪಕ್ಕದ ಕಡ್ಡಿಗಳೆಲ್ಲ ಹೆಚ್ಚುಕಡಿಮೆ ಒಂದೇ ಶ್ರುತಿಯಲ್ಲಿರಬೇಕು. ಒಂದು ಟಿಣ್ ಅಂದು ಇನ್ನೊಂದು ದಬ್ ಅಂದರೆ ಆ ಚಕ್ರ ನೋಡಲು ನೆಟ್ಟಗಿದ್ದರೂ ಒಳಗೆ ಸರಿಯಿಲ್ಲ. ಎಡಗಡೆಯದು ಕೆಳಗಿನ ಶ್ರುತಿಯಲ್ಲಿರುತ್ತದೆ, ಅದು ಸಹಜ. ಅವುಗಳ ನಡುವೆಯೂ ಸಾಮ್ಯ ಇರಬೇಕು ಅಷ್ಟೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಮನೆಯಲ್ಲಿ ಈಗಾಗಲೇ ಒಳ್ಳೆಯ ಫ್ರೇಮಿನ ಸೈಕಲ್ ಇದ್ದರೆ ಹೊಸದು ಬೇಕಾಗಿಲ್ಲ. 36 ತೂತಿನ ಹಬ್ಬು, 36 ತೂತಿನ ಎರಡು ಗೋಡೆಯ ರಿಮ್ಮು, 14 ಗೇಜಿನ ಸ್ಟೇನ್‌ಲೆಸ್ ಕಡ್ಡಿ ತಂದು, ಕೈಯಲ್ಲಿ ಚಕ್ರ ಕಟ್ಟುವವರ ಹತ್ತಿರ ಹಿಂದಿನ ಚಕ್ರವೊಂದನ್ನೇ ಹೊಸದಾಗಿ ಕಟ್ಟಿಸಿ. ಪ್ರಯಾಣಕ್ಕೆ ಮಾಡುವ ಖರ್ಚಿನಲ್ಲಿ ಇದಕ್ಕಿಂತ ಸಾರ್ಥಕವಾದದ್ದು ಇನ್ನೊಂದಿಲ್ಲ. ಕಟ್ಟಿಸುವಾಗ ಅವರನ್ನು ಒಂದು ಕೇಳಿ: ಬಿಗಿದಾದ ಮೇಲೆ ಕಡ್ಡಿಗಳನ್ನು ಜೋಡಿಜೋಡಿಯಾಗಿ ಅಂಗೈಯಲ್ಲಿ ಹಿಡಿದು ಜೋರಾಗಿ ಹಿಂಡಿ, ಮತ್ತೆ ಬೆಂಡ್ ತೆಗೆಯುತ್ತೀರಾ ಅಂತ. ಹಿಂಡಿದಾಗ ಕೊಕ್ಕೆಗಳು ಹಬ್ಬಿನ ತೂತಿನಲ್ಲಿ ಸರಿಯಾಗಿ ಕೂರುತ್ತವೆ, ತಿರುಚಿಕೊಂಡಿದ್ದ ಕಡ್ಡಿಗಳು ಬಿಡಿಸಿಕೊಳ್ಳುತ್ತವೆ. ಇದನ್ನು ಮಾಡದೇ ಕೊಟ್ಟ ಚಕ್ರ ಮೊದಲ 100 ಕಿಲೋಮೀಟರಿನಲ್ಲೇ ಟಕ್ ಟಕ್ ಸದ್ದು ಮಾಡಿ ಸಡಿಲವಾಗುತ್ತದೆ.

ಮುಂದಿನ ಪರೀಕ್ಷೆ, ಹಿಂದಿನ ಹಲ್ಲುಚಕ್ರಗಳು ಕ್ಯಾಸೆಟ್ಟೋ ಫ್ರೀವೀಲೋ ಅನ್ನುವುದು. ಕ್ಯಾಸೆಟ್ ಅಂದರೆ ಹಬ್ಬಿನ ಮೇಲೆ ಜಾರಿಸಿ ಲಾಕ್‌ರಿಂಗ್ ಬಿಗಿದು ಕೂರಿಸುವ ಹಲ್ಲುಚಕ್ರಗಳ ಕಟ್ಟು. ಕಡಿಮೆ ಬೆಲೆಯ 7 ಗೇರಿನ, ರಸ್ತೆಗೂ ಕಚ್ಚಾ ದಾರಿಗೂ ಆಗುವ ಹೈಬ್ರಿಡ್‌ಗಳಲ್ಲಿ ಸಾಮಾನ್ಯವಾಗಿ ಬರುವುದು ತಿರುಪಿ ಕೂರಿಸುವ ಫ್ರೀವೀಲ್. ಗುರುತಿಸುವುದು ಸುಲಭ. ಹಲ್ಲುಚಕ್ರಗಳನ್ನು ಹಿಂದಕ್ಕೆ ತಿರುಗಿಸಿ. ನಡುವೆ ಟೂಲ್ ಹಾಕಲು ಇರುವ ಕಚ್ಚುಗಳು ಹಲ್ಲುಚಕ್ರದ ಜೊತೆಯಲ್ಲೇ ಸುತ್ತಿದರೆ ಕ್ಯಾಸೆಟ್. ಅವು ನಿಂತಲ್ಲೇ ನಿಂತು ಹಲ್ಲುಚಕ್ರ ಮಾತ್ರ ಸುತ್ತಿದರೆ ಫ್ರೀವೀಲ್. ವ್ಯತ್ಯಾಸ ಯಾಕೆ ಮುಖ್ಯ ಅಂದರೆ, ಫ್ರೀವೀಲ್ ಹಬ್ಬಿನಲ್ಲಿ ಬಲಗಡೆಯ ಬೇರಿಂಗ್ ಹಲ್ಲುಚಕ್ರಗಳ ಒಳಮಗ್ಗುಲಿನಲ್ಲಿ ಇರುತ್ತದೆ. ಅಲ್ಲಿಂದ ಫ್ರೇಮಿನವರೆಗೆ ಚಕ್ರದ ಅಚ್ಚಿಗೆ, ಅಂದರೆ ಆಕ್ಸಲ್‌ಗೆ ಆಧಾರ ಇಲ್ಲ. ಹೊರೆ ಹೊತ್ತು ಗುಂಡಿಗೆ ಇಳಿದರೆ ಆಕ್ಸಲ್ ಬಗ್ಗುತ್ತದೆ, ಆಮೇಲೆ ಮುರಿಯುತ್ತದೆ. ಕ್ಯಾಸೆಟ್ ಹಬ್ಬಿನಲ್ಲಿ ಬೇರಿಂಗ್ ಹೊರತುದಿಯ ಹತ್ತಿರವೇ ಇದೆ, ಆ ತೊಂದರೆ ಬಹಳ ಅಪರೂಪ. ಕರಿ ಸೈಕಲ್ಲಿನದೂ ಫ್ರೀವೀಲೇ ಅಲ್ಲವೇ ಅಂತ ಕೇಳಬಹುದು. ಅಲ್ಲಿ ಒಂದೇ ಹಲ್ಲುಚಕ್ರ, ಆಧಾರವಿಲ್ಲದ ಆಕ್ಸಲ್ ತೀರಾ ಗಿಡ್ಡ. ಏಳು ಹಲ್ಲುಚಕ್ರ ಪೇರಿಸಿದಾಗ ಅದು ಉದ್ದವಾಗುತ್ತದೆ. ದೂರಕ್ಕೆ ಹೊರಡುವವರು ಕ್ಯಾಸೆಟ್ ಇರುವುದನ್ನೇ ತೆಗೆದುಕೊಳ್ಳಿ.

ಕ್ಯಾಸೆಟ್‌ಗೂ ಒಂದು ಮುಜುಗರ ಇದೆ. ಬಲಗಡೆಯ ಕಡ್ಡಿ ಮುರಿದರೆ ಹೊಸದನ್ನು ತೂರಿಸಲು ದೊಡ್ಡ ಹಲ್ಲುಚಕ್ರ ಅಡ್ಡ ಬರುತ್ತದೆ, ಕ್ಯಾಸೆಟ್ ತೆಗೆಯಬೇಕು. ಅದರ ಲಾಕ್‌ರಿಂಗ್ ಟೂಲ್ ಹಳ್ಳಿಯ ಸೈಕಲ್ ಶಾಪಿನಲ್ಲಿ ಸಿಗುವುದು ಕಷ್ಟ. ಆ ಟೂಲ್ ಹೆಬ್ಬೆರಳಿನಷ್ಟು ದೊಡ್ಡದು, ಜೊತೆಗಿರಲಿ. ಸ್ಪ್ಯಾನರ್ ಯಾವ ಗ್ಯಾರೇಜಿನಲ್ಲೂ ಕೊಡುತ್ತಾರೆ, ಹಲ್ಲುಚಕ್ರ ತಿರುಗದಂತೆ ಹಿಡಿಯಲು ಹಳೆಯ ಚೈನಿನ ತುಂಡು ಸಾಕು. ಕಡ್ಡಿಗಳನ್ನೂ ಒಯ್ಯಿರಿ. ಹಿಂದಿನ ಬಲಗಡೆಗೆ 4, ಹಿಂದಿನ ಎಡಗಡೆಗೆ 2, ಮುಂದಿನದಕ್ಕೆ 2. ಮೂರರ ಉದ್ದವೂ ಬೇರೆಬೇರೆ, ಒಂದೆರಡು ಮಿಲಿಮೀಟರ್ ವ್ಯತ್ಯಾಸವೇ ಕೆಲಸ ಕೆಡಿಸುತ್ತದೆ. ಹೊಂದದ ಉದ್ದದ ಕಡ್ಡಿಯನ್ನು ದಾರಿಯಲ್ಲಿ ಹುಡುಕಿ ಹಾಕಿಸಿಕೊಂಡರೆ ಒಂದೋ ಅದು ರಿಮ್ ಟೇಪ್ ಚುಚ್ಚಿ ಟ್ಯೂಬಿಗೆ ತೂತು ಮಾಡುತ್ತದೆ, ಇಲ್ಲವೇ ನಿಪ್ಪಲ್ಲಿಗೆ ಸಾಕಷ್ಟು ಹಿಡಿತ ಸಿಗದೆ ಕಿತ್ತುಬರುತ್ತದೆ. ಸರ್ಲಿ ಕಂಪನಿಯ ಲಾಂಗ್ ಹಾಲ್ ಟ್ರಕರ್ ಅನ್ನುವ ಪ್ರಸಿದ್ಧ ಪ್ರವಾಸಿ ಸೈಕಲ್ಲಿನಲ್ಲಿ ಹೆಚ್ಚುವರಿ ಕಡ್ಡಿ ಸಿಕ್ಕಿಸಿಡಲು ಫ್ರೇಮಿನ ಹಿಂಭಾಗದ ಅಡ್ಡ ಕೊಳವೆಯ ಮೇಲೇ ಜಾಗ ಮಾಡಿದ್ದರು. ನಿಮ್ಮ ಫ್ರೇಮಿನಲ್ಲಿ ಆ ಜಾಗ ಇಲ್ಲದಿದ್ದರೆ ಟೇಪಿನಿಂದ ಅಲ್ಲೇ ಸುತ್ತಿಡಿ, ಚೀಲದಲ್ಲಿ ಹಾಕಿದರೆ ಬಗ್ಗಿಹೋಗುತ್ತವೆ.

ಗೇರಿನ ವಿಷಯಕ್ಕೆ ಬರೋಣ. ಎಷ್ಟು ಗೇರ್ ಅನ್ನುವುದನ್ನು ಮರೆತುಬಿಡಿ. ಎಲ್ಲಕ್ಕಿಂತ ಹಗುರವಾದ ಗೇರ್ ಯಾವುದು, ಅದೊಂದನ್ನೇ ಕೇಳಿ. ಮುಂದಿನ ಅತಿ ಚಿಕ್ಕ ಹಲ್ಲುಚಕ್ರದ ಹಲ್ಲುಗಳನ್ನು ಹಿಂದಿನ ಅತಿ ದೊಡ್ಡದರ ಹಲ್ಲುಗಳಿಂದ ಭಾಗಿಸಿ, 2.15ರಿಂದ ಗುಣಿಸಿ. ಪೆಡಲ್ ಒಂದು ಸುತ್ತು ಬಂದರೆ ಸೈಕಲ್ ಎಷ್ಟು ಮೀಟರ್ ಮುಂದೆ ಹೋಗುತ್ತದೆ ಅನ್ನುವುದು ಸಿಗುತ್ತದೆ. ರೇಸಿಂಗ್ ಮಾದರಿಯ ಸೈಕಲ್ಲಿನಲ್ಲಿ ಮುಂದೆ 34, ಹಿಂದೆ 28 ಇದ್ದರೆ 2.61 ಮೀಟರ್. ಮುಂದೆ 28, ಹಿಂದೆ 34 ಇರುವ ಹೈಬ್ರಿಡ್‌ನಲ್ಲಿ 1.77. ಮುಂದೆ 22, ಹಿಂದೆ 34 ಇರುವ ಮೌಂಟನ್ ಬೈಕ್ ಜೋಡಣೆಯಲ್ಲಿ 1.39.

ಈ ಅಂಕಿಗಳನ್ನು ನಮ್ಮ 103 ಕಿಲೋ ಹೊರೆಯ ಜೊತೆ ಘಾಟಿಗೆ ಹತ್ತಿಸೋಣ. ನೂರು ಮೀಟರಿಗೆ ಎಂಟು ಮೀಟರ್ ಏರುವ ರಸ್ತೆ, ಪೆಡಲ್ ನಿಮಿಷಕ್ಕೆ 60 ಸುತ್ತು. ಮೊದಲನೆಯ ಸೈಕಲ್ಲಿನಲ್ಲಿ ಗಂಟೆಗೆ 9.4 ಕಿಲೋಮೀಟರ್ ವೇಗ ಬರುತ್ತದೆ, ಆದರೆ ಅದಕ್ಕೆ ಸುಮಾರು 230 ವ್ಯಾಟ್ ಶಕ್ತಿ ಬೇಕು. ಎರಡನೆಯದರಲ್ಲಿ 6.4 ಕಿಲೋಮೀಟರ್ ವೇಗ, 157 ವ್ಯಾಟ್. ಮೂರನೆಯದರಲ್ಲಿ 5 ಕಿಲೋಮೀಟರ್, 124 ವ್ಯಾಟ್. ದಿನವಿಡೀ ತುಳಿದು ಮರುದಿನ ಮತ್ತೆ ತುಳಿಯಬೇಕಾದ ಸಾಧಾರಣ ಸವಾರ ಏರಿನಲ್ಲಿ 120ರಿಂದ 150 ವ್ಯಾಟ್ ಕೊಡಬಲ್ಲ ಅಂತ ಇಟ್ಟುಕೊಳ್ಳಿ. 230 ಕೊಡಬೇಕಾದ ಸೈಕಲ್ಲಿನಲ್ಲಿ ಅವನು ಮಾಡುವುದು ಏನು? ಪೆಡಲ್ ಸುತ್ತನ್ನು 40ಕ್ಕೆ ಇಳಿಸಿ, ಎದ್ದು ನಿಂತು, ಒಂದೊಂದೇ ತುಳಿತವನ್ನು ಒತ್ತುತ್ತಾನೆ. ಆ ಒತ್ತಡವೆಲ್ಲ ಮಂಡಿಯ ಮೇಲೆ. ಪ್ರವಾಸ ಅರ್ಧಕ್ಕೆ ನಿಲ್ಲಿಸುವವರಲ್ಲಿ ಮಂಡಿ ನೋವಿನವರು ಬಹಳ, ಮತ್ತು ಅದರ ಮೂಲ ಬಹುಪಾಲು ಗೇರಿನಲ್ಲಿ ಇರುತ್ತದೆ. ಹಗುರ ಗೇರ್ 1.8 ಮೀಟರಿಗಿಂತ ಕೆಳಗಿರಲಿ ಅನ್ನುವುದು ನನ್ನ ಖಚಿತ ಅಭಿಪ್ರಾಯ. ನಡೆಯುವ ವೇಗದಲ್ಲಿ ಹತ್ತಲು ನಾಚಿಕೆ ಪಡಬೇಕಾಗಿಲ್ಲ. ತಿರುವಿನಲ್ಲಿ ಉಸಿರು ತೆಗೆದುಕೊಳ್ಳುತ್ತಾ ಹತ್ತಬಹುದು, ಕಾಡನ್ನೂ ನೋಡಬಹುದು. ಭಾರದ ಗೇರ್ ಬಗ್ಗೆ ಯೋಚನೆಯೇ ಬೇಡ. ಇಳಿಜಾರಿನಲ್ಲಿ ವೇಗ 40 ಕಿಲೋಮೀಟರ್ ದಾಟಿದ ಮೇಲೆ ತುಳಿಯುವ ಪ್ರವಾಸಿ ಯಾರೂ ಇಲ್ಲ.

ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಹಿಂಬದಿಯ ಯಂತ್ರ, ಡಿರೇಲರ್, ಅದು ಫ್ರೇಮಿಗೆ ಕೂರುವುದು ಹ್ಯಾಂಗರ್ ಅನ್ನುವ ಸಣ್ಣ ಅಲ್ಯೂಮಿನಿಯಂ ತುಂಡಿನ ಮೂಲಕ. ಬಸ್ಸಿನ ಮೇಲೆ ಮಲಗಿಸಿದಾಗ, ಸೈಕಲ್ ಬಲಕ್ಕೆ ಬಿದ್ದಾಗ ಮೊದಲು ಬಗ್ಗುವುದು ಇದು. ಬಗ್ಗಿದ ಹ್ಯಾಂಗರ್ ಇಟ್ಟುಕೊಂಡು ಅತಿ ಹಗುರ ಗೇರಿಗೆ ಹಾಕಿದರೆ ಡಿರೇಲರ್ ಕಡ್ಡಿಗಳ ಒಳಗೆ ಹೋಗಿ ಚಕ್ರವನ್ನೇ ಹಾಳುಮಾಡುತ್ತದೆ. ಒಂದೊಂದು ಮಾದರಿಗೂ ಅದರ ಆಕಾರ ಬೇರೆ. ಸೈಕಲ್ ಕೊಳ್ಳುವ ದಿನವೇ ಇನ್ನೊಂದನ್ನು ತರಿಸಿ ಇಟ್ಟುಕೊಳ್ಳಿ.

ಟೈರು. ಇಲ್ಲಿ ಗೊಂದಲ ಜಾಸ್ತಿ, ಯಾಕೆಂದರೆ ಇಂಚಿನ ಹೆಸರುಗಳು ನಿಜ ಹೇಳುವುದಿಲ್ಲ. ಟೈರಿನ ಪಕ್ಕದಲ್ಲಿ 37-622 ಅನ್ನುವಂಥ ಅಂಕಿ ಅಚ್ಚಾಗಿರುತ್ತದೆ, ಅದನ್ನೇ ನಂಬಿ. ಮೊದಲನೆಯದು ಅಗಲ, ಎರಡನೆಯದು ಟೈರ್ ರಿಮ್ಮಿನ ಮೇಲೆ ಕೂರುವ ಜಾಗದ ವ್ಯಾಸ, ಎರಡೂ ಮಿಲಿಮೀಟರಿನಲ್ಲಿ. ಹೈಬ್ರಿಡ್‌ಗಳ 700ಸಿ ಅಂದರೆ 622. ಹಳೆಯ ಮೌಂಟನ್ ಬೈಕಿನ 26 ಇಂಚು ಅಂದರೆ 559. ಈಗಿನ ಇಪ್ಪತ್ತೇಳೂವರೆ ಅಂದರೆ 584. ಕರಿ ಸೈಕಲ್ಲಿನ 28 ಇಂಚು, ಅಂದರೆ ಅಂಗಡಿಯಲ್ಲಿ 28 ಒಂದೂವರೆ ಅನ್ನುತ್ತಾರಲ್ಲ, ಅದು 635. ಹಳ್ಳಿಯ ಅಂಗಡಿಯಲ್ಲಿ 700ಸಿ ಟೈರ್ ಕೇಳಿದರೆ ಈ 28 ಒಂದೂವರೆಯನ್ನು ಕೊಡುವುದುಂಟು. ವ್ಯಾಸದಲ್ಲಿ 13 ಮಿಲಿಮೀಟರ್ ದೊಡ್ಡದು, ನಿಮ್ಮ ರಿಮ್ಮಿನಲ್ಲಿ ನಿಲ್ಲದು, ಗಾಳಿ ತುಂಬಿದರೆ ಹಾರಿಬರುತ್ತದೆ. ಟ್ಯೂಬಿನ ಮಾತು ಬೇರೆ. ಟ್ಯೂಬ್ ಹಿಗ್ಗುತ್ತದೆ, ಕುಗ್ಗುತ್ತದೆ. 28 ಒಂದೂವರೆಯ ಟ್ಯೂಬ್ 35, 37 ಅಗಲದ 700ಸಿ ಟೈರಿನೊಳಗೆ ಚೆನ್ನಾಗಿಯೇ ಕೂರುತ್ತದೆ. 26 ಇಂಚಿನದನ್ನೂ ಎಳೆದು ಹಾಕಿ ಮುಂದಿನ ಊರಿನವರೆಗೆ ಹೋಗಬಹುದು.

ಆದರೆ ಆ ಟ್ಯೂಬಿನ ವಾಲ್ವ್ ನಿಮ್ಮ ರಿಮ್ಮಿನ ತೂತಿನಲ್ಲಿ ತೂರಬೇಕಲ್ಲ! ಕರಿ ಸೈಕಲ್ಲಿನದು ಡನ್‌ಲಪ್ ವಾಲ್ವ್, ಒಳಗೆ ರಬ್ಬರಿನ ವಾಲ್ವ್ ಟ್ಯೂಬ್ ಇರುವುದು. ಸ್ಕೂಟರಿಗೆ, ಕಾರಿಗೆ ಇರುವುದು ಶ್ರೇಡರ್. ಇವೆರಡಕ್ಕೂ 8.5 ಮಿಲಿಮೀಟರ್ ತೂತು ಬೇಕು. ದುಬಾರಿ ಸೈಕಲ್ಲುಗಳ ತೆಳು ಪ್ರೆಸ್ಟಾ ವಾಲ್ವಿಗೆ 6.5 ಸಾಕು. ದೊಡ್ಡ ತೂತಿನ ರಿಮ್ಮಿದ್ದರೆ ಮೂರೂ ಹಿಡಿಸುತ್ತವೆ, ಪ್ರೆಸ್ಟಾ ಹಾಕುವಾಗ ಒಂದು ರಬ್ಬರ್ ಬಳೆ ಸಾಕು. ಸಣ್ಣ ತೂತಿನ ರಿಮ್ಮಿದ್ದರೆ ನೀವು ನಗರದ ಅಂಗಡಿಯ ಟ್ಯೂಬಿಗೇ ಕಟ್ಟುಬಿದ್ದಿರಿ. ಪ್ರೆಸ್ಟಾ ಇರುವವರು ಅದನ್ನು ಶ್ರೇಡರ್ ಮಾಡುವ ಹಿತ್ತಾಳೆಯ ಅಡಾಪ್ಟರ್ ಎರಡು ಒಯ್ಯಿರಿ, ಆಗ ಯಾವ ಪಂಚರ್ ಅಂಗಡಿಯಲ್ಲೂ ಗಾಳಿ ಸಿಗುತ್ತದೆ. ಲಾರಿಗೆ ಗಾಳಿ ಹಾಕುವ ಕಂಪ್ರೆಸರಿನಿಂದ ಹಾಕಿಸಿಕೊಳ್ಳುವಾಗ ಮಾತ್ರ ಎಚ್ಚರ. ಸೈಕಲ್ ಟ್ಯೂಬ್ ತುಂಬಲು ಕ್ಷಣ ಸಾಕು. ಅವರು ಬೈಕಿನ ಲೆಕ್ಕದಲ್ಲಿ ಒತ್ತಿ ಹಿಡಿದರೆ ಟೈರ್ ಸಿಡಿಯುತ್ತದೆ. ಚೂರು ಚೂರೇ ಬಿಡಿ ಅಂತ ಮೊದಲೇ ಹೇಳಿ, ಬೆರಳಲ್ಲಿ ಒತ್ತಿ ನೋಡುತ್ತಾ ಇರಿ.

ಅಗಲ ಎಷ್ಟು? ಡಾಂಬರು ರಸ್ತೆಗೆ ಹೊರೆಯ ಜೊತೆ 35ರಿಂದ 40 ಮಿಲಿಮೀಟರ್. ಈ 103 ಕಿಲೋ ಲೆಕ್ಕಕ್ಕೆ 37ರ ಟೈರಿನಲ್ಲಿ ಹಿಂದೆ 60ರಿಂದ 65 ಪಿಎಸ್‌ಐ, ಮುಂದೆ 45ರಿಂದ 50ರಿಂದ ಶುರುಮಾಡಿ, ಟೈರಿನ ಮೇಲೆ ಬರೆದ ಮಿತಿಯೊಳಗೆ. 28ರ ತೆಳು ಟೈರಿನಲ್ಲಿ ಹೊರೆ ತಡೆಯಲು ಕಲ್ಲಿನಂತೆ ಗಾಳಿ ಹಾಕಬೇಕಾಗುತ್ತದೆ, ಆ ಏಟೆಲ್ಲ ಮತ್ತೆ ಬೀಳುವುದು ಹಿಂದಿನ ಚಕ್ರದ ಕಡ್ಡಿಗಳಿಗೆ. ಪಂಚರಿನ ಕಾರಣ ಊರಿಂದೂರಿಗೆ ಬೇರೆ. ಬಯಲುಸೀಮೆಯಲ್ಲಿ ಜಾಲಿ ಮುಳ್ಳು. ಹೆದ್ದಾರಿಯಲ್ಲಿ ಸಿಡಿದ ಲಾರಿ ಟೈರಿನಿಂದ ಉದುರಿದ ಕೂದಲೆಳೆಯಂಥ ಉಕ್ಕಿನ ತಂತಿ. ಇದು ಕಣ್ಣಿಗೆ ಕಾಣುವುದೇ ಇಲ್ಲ. ಟ್ಯೂಬಿಗೆ ಪ್ಯಾಚ್ ಹಾಕಿ ಮತ್ತೆ ತೂರಿಸಿದ ಹತ್ತು ನಿಮಿಷಕ್ಕೆ ಅದೇ ಜಾಗದಲ್ಲಿ ಗಾಳಿ ಹೋದರೆ ತಂತಿ ಟೈರಿನಲ್ಲೇ ಉಳಿದಿದೆ ಅಂತ ಅರ್ಥ. ಟೈರಿನ ಒಳಮೈಯನ್ನು ಬಟ್ಟೆಯಿಂದ ನಿಧಾನವಾಗಿ ಒರೆಸಿ, ದಾರ ಸಿಕ್ಕಿಕೊಂಡ ಕಡೆ ಚಿಮಟದಿಂದ ಕೀಳಿ. ಹುಬ್ಬು ಕೀಳುವ ಚಿಮಟ ಒಂದು ಟೂಲ್ ಚೀಲದಲ್ಲಿರಲಿ.

ಈಗ ಫ್ರೇಮು. ಉಕ್ಕೋ ಅಲ್ಯೂಮಿನಿಯಮ್ಮೋ ಅನ್ನುವ ವಾದಕ್ಕೆ ಹೆಚ್ಚು ಹೊತ್ತು ಕೊಡುವುದಿಲ್ಲ. ಉಕ್ಕಾದರೆ ಹಳ್ಳಿಯಲ್ಲೂ ಬೆಸುಗೆ ಹಾಕಿಸಬಹುದು ಅನ್ನುವ ಮಾತು ಅರ್ಧ ಮಾತ್ರ ಸರಿ. ಒಳ್ಳೆಯ ಕ್ರೋಮೋಲಿ ಉಕ್ಕಿನ ಕೊಳವೆಯ ಗೋಡೆ ನಡುವಿನಲ್ಲಿ ಅರ್ಧ ಮಿಲಿಮೀಟರಿನಷ್ಟು ತೆಳು ಇರುವುದುಂಟು. ಗೇಟು ಮಾಡುವವರ ಕರೆಂಟ್ ವೆಲ್ಡಿಂಗ್‌ಗೆ ಅದು ತೂತಾಗುತ್ತದೆ. ಗ್ಯಾಸಿನಲ್ಲಿ ಹಿತ್ತಾಳೆ ಬೆಸುಗೆ ಹಾಕುವವರು ಸಿಕ್ಕರೆ ಮಾತ್ರ ಧೈರ್ಯ ಮಾಡಿ. ಗಟ್ಟಿಯಾಗಿ ಮಾಡಿದ ಅಲ್ಯೂಮಿನಿಯಂ ಫ್ರೇಮಿನಲ್ಲೂ ಸಾವಿರಾರು ಕಿಲೋಮೀಟರ್ ಹೋಗಬಹುದು. ನೋಡಬೇಕಾದ್ದು ಬೇರೆ ಎರಡು ಸಂಗತಿ.

ಒಂದು, ಪೆಡಲ್ ಇರುವ ನಡುಬಿಂದುವಿನಿಂದ ಹಿಂದಿನ ಆಕ್ಸಲ್‌ವರೆಗಿನ ದೂರ, ಚೈನ್‌ಸ್ಟೇ ಅನ್ನುತ್ತಾರೆ. ರೇಸಿಂಗ್ ಸೈಕಲ್ಲಿನಲ್ಲಿ ಅದು 410 ಮಿಲಿಮೀಟರ್ ಹತ್ತಿರ. ಆಗಲೇ ಹೇಳಿದ ಸರ್ಲಿಯಲ್ಲಿ 460. ಟೇಪು ಹಿಡಿದು ಅಳೆಯಿರಿ, 440ಕ್ಕಿಂತ ಕಡಿಮೆಯಿದ್ದರೆ ಕ್ಯಾರಿಯರಿನ ಪಕ್ಕಕ್ಕೆ ತೂಗುವ ಪ್ಯಾನಿಯರ್ ಚೀಲಕ್ಕೆ ಪ್ರತಿ ತುಳಿತಕ್ಕೂ ಹಿಮ್ಮಡಿ ತಾಗುತ್ತದೆ. ಚೀಲವನ್ನು ಹಿಂದಕ್ಕೆ ಸರಿಸಿದರೆ ಭಾರ ಆಕ್ಸಲ್‌ನಿಂದ ಹಿಂದೆ ಹೋಗಿ ಸೈಕಲ್ಲಿನ ಬಾಲ ತೂಗಾಡುತ್ತದೆ. ಇನ್ನೊಂದು, ಕ್ಯಾರಿಯರ್ ಕೂರಿಸಲು ಫ್ರೇಮಿನಲ್ಲೇ ತಿರುಪಿನ ತೂತುಗಳಿವೆಯೇ ಅನ್ನುವುದು. ಆಕ್ಸಲ್ ಹತ್ತಿರ ಎರಡು, ಸೀಟಿನ ಕೆಳಗೆ ಎರಡು, ಎಲ್ಲ ಎಂ5 ಅಳತೆ, ಅಂದರೆ 5 ಮಿಲಿಮೀಟರ್ ತಿರುಪಿಗೆ. ಸೀಟ್ ಕಂಬಕ್ಕೆ ಕಚ್ಚಿಸುವ ಕ್ಯಾರಿಯರ್ ಬೇಡ. ಅವುಗಳ ಮಿತಿ ಸಾಮಾನ್ಯವಾಗಿ 10 ಕಿಲೋ, ಗುಂಡಿಯಲ್ಲಿ ಪಕ್ಕಕ್ಕೆ ತಿರುಗಿಕೊಳ್ಳುತ್ತವೆ. 25 ಕಿಲೋ ತಾಳುತ್ತದೆ ಅಂತ ಬರೆದ, ಕಾಲುಗಳು ಫ್ರೇಮಿಗೆ ಕೂರುವ ಕ್ಯಾರಿಯರ್ ತನ್ನಿ. ಬಲಗಡೆಯ ಕೆಳ ಬೋಲ್ಟ್ ಹಾಕಿದ ಮೇಲೆ ಅದರ ತುದಿ ಒಳಕ್ಕೆ ಚಾಚಿದೆಯೇ ನೋಡಿ. ಎರಡು ಮಿಲಿಮೀಟರ್ ಚಾಚಿದರೂ ಚೈನು ಚಿಕ್ಕ ಹಲ್ಲುಚಕ್ರಕ್ಕೆ ಬಂದಾಗ ಅದಕ್ಕೆ ಸಿಕ್ಕಿ ಚಕ್ರವೇ ನಿಂತುಬಿಡುತ್ತದೆ. ಬೋಲ್ಟುಗಳು ಸ್ಟೇನ್‌ಲೆಸ್ ಆಗಿರಲಿ, ಕಡಲ ಗಾಳಿಗೆ ಸಾದಾ ಉಕ್ಕು ವಾರದಲ್ಲಿ ತುಕ್ಕು ಹಿಡಿಯುತ್ತದೆ. ನೀಲಿ ಬಣ್ಣದ ಲಾಕಿಂಗ್ ಅಂಟು ಒಂದು ಹನಿ ಹಾಕಿ. ಆದರೂ ಪ್ರತಿ ಬೆಳಿಗ್ಗೆ ಕೈಯಿಟ್ಟು ಅಲ್ಲಾಡಿಸಿ ನೋಡುವುದು ತಪ್ಪದಿರಲಿ. ಎರಡು ಬೋಲ್ಟ್ ಹೆಚ್ಚಿಗೆ ಇಟ್ಟುಕೊಳ್ಳಿ.

ಮುಂದಿನ ಫೋರ್ಕಿನಲ್ಲೂ ತೂತುಗಳಿದ್ದರೆ ಐದಾರು ಕಿಲೋ ಭಾರವನ್ನು, ಮುಖ್ಯವಾಗಿ ಟೂಲು, ನೀರು, ಅಡುಗೆ ಸಾಮಾನನ್ನು, ಮುಂದಕ್ಕೆ ತಗ್ಗಿನಲ್ಲಿ ಕಟ್ಟಿ. ಹಿಂದಿನ ಚಕ್ರದ ಹೊರೆ ಅಷ್ಟು ಇಳಿಯುತ್ತದೆ, ಹ್ಯಾಂಡಲ್ಲೂ ಸ್ಥಿರವಾಗಿರುತ್ತದೆ. ಅಗ್ಗದ ಸಸ್ಪೆನ್ಶನ್ ಫೋರ್ಕ್ ಇರುವ ಹೈಬ್ರಿಡ್ ಬೇಡ ಅನ್ನಲು ಇದೂ ಒಂದು ಕಾರಣ. ಅದರಲ್ಲಿ ಕ್ಯಾರಿಯರಿನ ತೂತು ಸಾಮಾನ್ಯವಾಗಿ ಇರುವುದಿಲ್ಲ, ತೂಕ ಹೆಚ್ಚು, ಏರಿನಲ್ಲಿ ನಿಮ್ಮ ತುಳಿತವನ್ನೇ ತಿನ್ನುತ್ತದೆ. ಅಗಲ ಟೈರೇ ಸಾಕಷ್ಟು ಮೆತ್ತಗಿರುತ್ತದೆ.

ಬ್ರೇಕಿನಲ್ಲಿ ನನ್ನ ಒಲವು ಕೇಬಲ್ಲಿನಿಂದ ನಡೆಯುವ ಡಿಸ್ಕ್ ಕಡೆಗೆ. ಮಲೆನಾಡಿನ ಮಳೆಯಲ್ಲಿ ಕೆಂಪುಮಣ್ಣಿನ ರಾಡಿ ರಿಮ್ ಬ್ರೇಕಿನ ಪ್ಯಾಡಿಗೆ ಸೇರಿ ಉಪ್ಪುಕಾಗದದಂತೆ ರಿಮ್ಮನ್ನು ಉಜ್ಜುತ್ತದೆ. ರಿಮ್ಮಿನ ಪಕ್ಕ ಸವೆದು ಒಳಕ್ಕೆ ಕುಳಿಬಿದ್ದರೆ ಒಂದು ದಿನ ಗಾಳಿಯ ಒತ್ತಡಕ್ಕೆ ಸೀಳುತ್ತದೆ. ಡಿಸ್ಕ್ ಇದ್ದರೆ ಸವೆಯುವುದು ಪ್ಯಾಡು, ಚಕ್ರ ಅಲ್ಲ. ಹೈಡ್ರಾಲಿಕ್ ಡಿಸ್ಕ್ ಚೆನ್ನಾಗಿ ಹಿಡಿಯುತ್ತದೆ, ಸರಿ, ಆದರೆ ಎಣ್ಣೆ ಸೋರಿದರೆ ದಾರಿಯಲ್ಲಿ ರಿಪೇರಿ ಇಲ್ಲ. ಕೇಬಲ್ ತುಂಡಾದರೆ ಯಾವ ಸೈಕಲ್ ಶಾಪಿನಲ್ಲೂ ಹಾಕಿಸಬಹುದು. ಕೊಳ್ಳುವಾಗ ಹಿಂದಿನ ಡಿಸ್ಕ್ ಬ್ರೇಕಿನ ಕ್ಯಾಲಿಪರ್, ಅಂದರೆ ಡಿಸ್ಕನ್ನು ಹಿಡಿಯುವ ಭಾಗ, ಎಲ್ಲಿ ಕೂತಿದೆ ನೋಡಿ. ಫ್ರೇಮಿನ ಹಿಂದಿನ ತ್ರಿಕೋನದ ಒಳಗಿದ್ದರೆ ಸಾದಾ ಕ್ಯಾರಿಯರ್ ಕೂರುತ್ತದೆ. ಹೊರಗೆ ಚಾಚಿಕೊಂಡಿದ್ದರೆ ಎಡಗಡೆಯ ಕಾಲು ಅದಕ್ಕೆ ತಗಲುತ್ತದೆ, ಡಿಸ್ಕ್‌ಗೆಂದೇ ಮಾಡಿದ ಕ್ಯಾರಿಯರ್ ಬೇಕು. ಘಾಟಿ ಇಳಿಯುವಾಗ ಬ್ರೇಕನ್ನು ಉದ್ದಕ್ಕೂ ಹಿಡಿದುಕೊಂಡೇ ಇರಬೇಡಿ. ತಿರುವಿಗೆ ಮುಂಚೆ ಎರಡನ್ನೂ ಗಟ್ಟಿಯಾಗಿ ಹಿಡಿದು ವೇಗ ಇಳಿಸಿ, ಬಿಟ್ಟು, ಮತ್ತೆ ಹಿಡಿಯಿರಿ. ಬಿಟ್ಟ ಹೊತ್ತಿನಲ್ಲಿ ಗಾಳಿಗೆ ಅದು ತಣಿಯುತ್ತದೆ.

ಅಳತೆಯ ಬಗ್ಗೆ ಚಿಕ್ಕದಾಗಿ. ಸೈಕಲ್ಲಿನ ಮೇಲೆ ಕೂತು, ಪೆಡಲ್ ಅತಿ ಕೆಳಗಿರುವಾಗ ಹಿಮ್ಮಡಿ ಅದರ ಮೇಲಿಟ್ಟರೆ ಕಾಲು ನೆಟ್ಟಗಾಗಬೇಕು. ಪಾದದ ಮುಂಭಾಗ ಇಟ್ಟು ತುಳಿಯುವಾಗ ಮಂಡಿ ಆಗ ತುಸು ಬಾಗಿರುತ್ತದೆ. ಹ್ಯಾಂಡಲ್ ಹಿಡಿದಾಗ ಮೊಣಕೈ ಲಟಕ್ಕನೆ ನೆಟ್ಟಗಾಗುವಷ್ಟು ದೂರ ಬೇಡ. ಸ್ಪಂಜಿನ ದಪ್ಪ ಸೀಟು ಅಂಗಡಿಯಲ್ಲಿ ಹಿತ, ಮೂರನೆಯ ಗಂಟೆಗೆ ಹಿಂಸೆ. ಕೂರುವ ಮೂಳೆಗಳ ಅಗಲಕ್ಕೆ ಹೊಂದುವ ಗಟ್ಟಿ ಸೀಟೇ ಸರಿ.

ಕೊನೆಯದಾಗಿ ಪರೀಕ್ಷೆಯ ಓಟ. ಖಾಲಿ ಸೈಕಲ್ ಅಂಗಡಿಯ ಮುಂದೆ ಎರಡು ಸುತ್ತು ಹೊಡೆದರೆ ಏನೂ ತಿಳಿಯುವುದಿಲ್ಲ. ಹೊರಡುವ ಎರಡು ವಾರ ಮೊದಲು ಪ್ಯಾನಿಯರ್ ಚೀಲ ಎರಡನ್ನೂ ಹಾಕಿ, ಒಂದೊಂದರಲ್ಲಿ ಏಳೆಂಟು ಕಿಲೋ ಅಕ್ಕಿಯ ಗಂಟು ಇಟ್ಟು, ಎರಡು ಬಾಟಲಿ ನೀರು ತುಂಬಿಸಿ, ನಿಮ್ಮೂರ ಹತ್ತಿರ ಇರುವ ಅತಿ ಕಡಿದಾದ ಏರು ಸೇರುವಂತೆ 40 ಕಿಲೋಮೀಟರ್ ಹೋಗಿಬನ್ನಿ. ಇಳಿಜಾರಿನಲ್ಲಿ 30ರ ವೇಗಕ್ಕೆ ಹ್ಯಾಂಡಲ್ ನಡುಗಿದರೆ ಭಾರ ಹಿಂದೆ ಹೆಚ್ಚಾಗಿದೆ ಅಥವಾ ಕ್ಯಾರಿಯರ್ ಅಲುಗುತ್ತಿದೆ. ಆ ಗಳಿಗೆಯಲ್ಲಿ ಎರಡೂ ಮಂಡಿಯಿಂದ ಫ್ರೇಮಿನ ಮೇಲಿನ ಕೊಳವೆಯನ್ನು ಒತ್ತಿ ಹಿಡಿಯಿರಿ, ನಡುಕ ನಿಲ್ಲುತ್ತದೆ. ಏರಿನಲ್ಲಿ ಅತಿ ಹಗುರ ಗೇರಿಗೆ ಬಂದ ಮೇಲೂ ಇನ್ನೊಂದು ಬೇಕಿತ್ತು ಅನ್ನಿಸಿದರೆ, ಈಗಲೇ ಹಿಂದಿನ ಕ್ಯಾಸೆಟ್ ದೊಡ್ಡದು ಮಾಡಿಸಿ. ಡಿರೇಲರ್ ಎಷ್ಟು ಹಲ್ಲಿನವರೆಗೆ ಹಿಡಿಯುತ್ತದೆ ಅನ್ನುವುದನ್ನು ಮಾತ್ರ ಕೇಳಿಕೊಂಡು.

ಮನೆಗೆ ಬಂದು ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ ಮತ್ತೆ ಹಿಂದಿನ ಚಕ್ರದ ಕಡ್ಡಿಗಳನ್ನು ಮೀಟಿ. ಅಂಗಡಿಯಲ್ಲಿ ಕೇಳಿದ ಶ್ರುತಿಯೇ ಇದ್ದರೆ ಆ ಚಕ್ರ ಕೂತಿದೆ. ಒಂದೆರಡು ಇಳಿದಿದ್ದರೆ ಮೆಕ್ಯಾನಿಕ್ ಹತ್ತಿರ ಕೊಟ್ಟು ಬಿಗಿ ಮಾಡಿಸಿ, ಮತ್ತೆ ಅಕ್ಕಿ ಹೇರಿಕೊಂಡು ಅದೇ 40 ಕಿಲೋಮೀಟರ್ ಹೋಗಿ. ಎರಡನೆಯ ಸಲವೂ ಇಳಿದರೆ ಆ ಚಕ್ರವನ್ನು ಬಿಚ್ಚಿ ಹೊಸದಾಗಿ ಕಟ್ಟಿಸಿ. ಅದಕ್ಕೆಂದೇ ಎರಡು ವಾರ ಇಟ್ಟುಕೊಳ್ಳಿ ಅಂದದ್ದು.